ಎಲ್ಲರೂ ಘಟ್ಟಕ್ಕೆ ಬನ್ನಿ

3 ಮಾರ್ಚ್ 1968

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ನಿನ್ನೆ ಕೈಸೇರಿತು. ಬಸ್ಸಿದ್ದಾಗ ಬೆಳಿಗ್ಗೆ ನೀನು ಕೊಟ್ಟದ್ದು ಸಂಜೆಗೆ ನನ್ನ ಕೈಯಲ್ಲಿರುತ್ತಿತ್ತು. ಈಗ ಅದು ನಿಮ್ಮ ರಾಜಧಾನಿಗೆ ಹೋಗಿ, ವಿಮಾನ ಹತ್ತಿ, ನಮ್ಮ ರಾಜಧಾನಿಯಲ್ಲಿ ಇಳಿದು, ರೈಲು ಹಿಡಿದು ಬಂದಿದೆ. ನಾನು ಈ ಜನ್ಮದಲ್ಲಿ ನೋಡದಷ್ಟು ಊರನ್ನು ನಿನ್ನ ಲಕೋಟೆ ನೋಡಿಬಿಟ್ಟಿತು. ದಾರಿಯಲ್ಲಿ ಯಾರೋ ಅದನ್ನು ಬಿಚ್ಚಿ ಮತ್ತೆ ಅಂಟಿಸಿದ್ದಾರೆ. ಅಂಟು ಒಳಗೆಲ್ಲ ಹರಡಿ ಕೊನೆಯ ಎರಡು ಸಾಲು ಕಿತ್ತುಬಂದವು. "ಓದೋರು ಓದಲಿ, ಅಂಟಿಸೋದನ್ನಾದರೂ ನೆಟ್ಟಗೆ ಕಲೀಬಾರದಾ" ಎಂದು ನಿನ್ನ ಭಾವ ಬೈದರು.

ನಿಮ್ಮ ಕಡೆ ಗುಡ್ಡ ಜರಿದದ್ದು ನಮಗೆ ಮೊದಲು ತಿಳಿದದ್ದು ಹೊಳೆಯಿಂದ. ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಹಿಂದಿನ ನೀರು ಅರ್ಧಕ್ಕರ್ಧ ಇಳಿದಿತ್ತು. ಆಮೇಲೆ ಟೆಲಿಫೋನು ಸತ್ತಿತು. ತಂತಿ ರಸ್ತೆಯ ಪಕ್ಕದಲ್ಲೇ ಬಂದದ್ದಲ್ಲವೇ. ಮಾರನೆಯ ದಿನ ಘಟ್ಟದ ಮೇಲಿನ ಗಡಿ ಗೇಟು ಮುಚ್ಚಿದರು. ರಸ್ತೆಯೇ ಇಲ್ಲದ ಮೇಲೆ ಗೇಟು ಯಾಕೆ ಎಂದು ಯಾರೂ ಕೇಳಲಿಲ್ಲ. ಎರಡೂ ಸರ್ಕಾರಗಳು ಮುನಿಸಿಕೊಂಡಿವೆ, ಅವಕ್ಕೊಂದು ನೆಪ ಸಿಕ್ಕಿತು.

ನಿನ್ನ ಭಾವನಿಗೆ ಕೆಲಸವಿಲ್ಲ. ಮೊದಲ ದಿನದಿಂದ ಗಡಿ ದಾಟುವ ಬಸ್ಸು ಓಡಿಸಿದ ಮನುಷ್ಯ, ಈಗ ದಿನಾ ಡಿಪೋಗೆ ಹೋಗಿ ನಿಂತ ಬಸ್ಸನ್ನು ಒರೆಸಿ ಬರುತ್ತಾರೆ. ಮಗ ಮೇಲಿನ ಮರದ ಮಿಲ್ಲಿಗೆ ಹೋಗುತ್ತಾನೆ. ಸೊಸೆಗೆ ಗುಡ್ಡದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಾಯಂ ಆಯಿತು. ಮೊಮ್ಮಗಳು ಚಿಟ್ಟೆ ಇಡೀ ದಿನ ನನ್ನ ಸೆರಗು ಹಿಡಿದೇ ಇರುತ್ತಾಳೆ. ನೀನು ಕಳಿಸಿದ್ದ ಕೆಂಪು ಟೋಪಿ ಹಾಕಿಕೊಂಡೇ ಮಲಗುತ್ತಾಳೆ, ತೆಗೆಯಲು ಹೋದರೆ ಊರು ಕೇಳುವ ಹಾಗೆ ಅಳುತ್ತಾಳೆ.

ನೀನು ಎಲ್ಲಿದ್ದೀಯ? ಏನು ಕೆಲಸ ಕೊಟ್ಟಿದ್ದಾರೆ? ಉದ್ದ ಬರೆ. ನೀನು ಬರೆಯುವುದು ತಂತಿ ಕಳಿಸಿದ ಹಾಗಿರುತ್ತದೆ.

ನಿನ್ನ ಅಕ್ಕ


24 ಮಾರ್ಚ್ 1968

ಅಕ್ಕನಿಗೆ ನಮಸ್ಕಾರ.

ಚೆನ್ನಾಗಿದ್ದೇನೆ. ರಸ್ತೆ ಇಲಾಖೆಯವರು ಬಂಡೆ ಕೊರೆಯುವ ತಂಡಕ್ಕೆ ನನ್ನನ್ನೇ ಮೇಸ್ತ್ರಿ ಮಾಡಿ ಗುಡ್ಡ ಜರಿದ ಜಾಗಕ್ಕೆ ಕಳಿಸಿದ್ದಾರೆ. ತಗಡಿನ ಶೆಡ್ಡು, ಸೀಮೆಎಣ್ಣೆ ಒಲೆ. ಧೂಳು ವಿಪರೀತ. ಗಂಟಲು ಕೆರೆಯುತ್ತದೆ, ಅಷ್ಟು ಬಿಟ್ಟರೆ ಏನೂ ತೊಂದರೆಯಿಲ್ಲ.

ಗುಡ್ಡದ ಒಂದು ಮಗ್ಗುಲು ಹೊಳೆಗೆ ಅಡ್ಡ ಬಿದ್ದಿದೆ. ಅದರ ಹಿಂದೆ ನೀರು ನಿಂತು ಕೆರೆಯಾಗಿದೆ. ರಸ್ತೆ ನೇರವಾಗಿ ಆ ಕೆರೆಯೊಳಕ್ಕೆ ಇಳಿದುಹೋಗುತ್ತದೆ. ಸುಣ್ಣ ಬಳಿದ ಅಂಚುಗಲ್ಲುಗಳು ಒಂದರ ಹಿಂದೊಂದು ನೀರಿಗೆ ಇಳಿಯುವುದು ಕಾಣುತ್ತದೆ, ಆಮೇಲೆ ಕಾಣುವುದಿಲ್ಲ. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೇತಾಡುತ್ತಾ ಕೊರೆದ ಬಂಡೆ ಈಗ ಕೆರೆಯ ತಳದಲ್ಲಿದೆ.

ಇಲ್ಲಿಯ ಹುಡುಗರಿಗೆ ಹಳೆಯ ಕಥೆ ಗೊತ್ತಿಲ್ಲ. ರಸ್ತೆ ಬರುವ ಮುಂಚೆ ಕತ್ತೆದಾರಿ ಗುಡ್ಡದ ನೆತ್ತಿಯ ಮೇಲಿತ್ತು, ಉಣ್ಣೆ ಉಪ್ಪು ಎಲ್ಲ ಅದರಲ್ಲೇ ಓಡಾಡುತ್ತಿತ್ತು ಎಂದರೆ ನಂಬುವುದಿಲ್ಲ. ಬಸ್ಸಿಗೆ ಏರು ಕಡಿಮೆ ಇರಲಿ ಎಂದು ರಸ್ತೆಯನ್ನು ಹೊಳೆಯ ಪಕ್ಕಕ್ಕೆ ಇಳಿಸಿದರು. ಹೊಳೆ ಎರಡು ಗುಡ್ಡಗಳ ಸಂದಿಯೊಳಗೆ ನುಗ್ಗುವ ಕಡೆ ಮಾತ್ರ ಜಾಗವಿರಲಿಲ್ಲ, ಅಲ್ಲಿ ಘಟ್ಟ ಹತ್ತಿಸಿ ನಿಮ್ಮ ಊರಿಗೆ ಇಳಿಸಿದರು. ಆ ಕಡೆಯಿಂದ ನಿನ್ನ ಮಾವ, ಈ ಕಡೆಯಿಂದ ಅಪ್ಪ ಕೊರೆಯುತ್ತಾ ಬಂದರು. ಘಟ್ಟದ ಮೇಲೆ ಎರಡು ತಂಡ ಸೇರಿದ ದಿನವೇ ಇಬ್ಬರೂ ಕೈ ಹಿಡಿದುಕೊಂಡು ನಿನ್ನ ಮದುವೆ ಮಾತಾಡಿ ಮುಗಿಸಿದರು ಎಂದು ಅಮ್ಮ ಹೇಳುತ್ತಿದ್ದಳು. ಹುಡುಗನ ಮುಖ ನೋಡದೆ ರಸ್ತೆ ನೋಡಿ ಮಗಳನ್ನು ಕೊಟ್ಟರು ಎಂದು ಬೈಯುತ್ತಿದ್ದಳು.

ಇಲ್ಲಿ ಕೆಲವರ ಪತ್ರಗಳು ವಾಪಸ್ ಬಂದಿವೆ. ಒಬ್ಬನನ್ನು ಕೆಲಸದಿಂದ ಎತ್ತಿ ಬೇರೆ ಕಡೆ ಹಾಕಿದರು. ಹಾಗಾಗಿ ಹವಾಮಾನ ಬಿಟ್ಟರೆ ಹೆಚ್ಚು ಬರೆಯಲು ಏನೂ ಇಲ್ಲ. ಬಿಸಿಲಿದೆ.

ನಿನ್ನ ತಮ್ಮ


14 ಏಪ್ರಿಲ್ 1968

ಪ್ರೀತಿಯ ತಮ್ಮನಿಗೆ,

ಬಿಸಿಲಿದೆ ಎಂದು ಬರೆದಿದ್ದೀಯ. ಇಲ್ಲಿಯೂ ಬಿಸಿಲಿದೆ. ಅದೇ ಸೂರ್ಯ, ಅವನಿಗೆ ಗೇಟಿಲ್ಲ.

ಅಪ್ಪನ ಕಥೆ ಬರೆದದ್ದಕ್ಕೆ ಬಹಳ ಸಂತೋಷವಾಯಿತು. ನಿನ್ನ ಭಾವನಿಗೆ ಓದಿ ಹೇಳಿದೆ. "ಮುಖ ನೋಡಿದ್ರೂ ಒಪ್ಕೋತಿದ್ದರು ಬಿಡು" ಎಂದು ಮೀಸೆ ತಿರುವಿಕೊಂಡರು. ಗಂಟಲು ಕೆರೆತ ಎಂದಿದ್ದೀಯಲ್ಲ, ಅದನ್ನು ಮಾತ್ರ ಓದಲಿಲ್ಲ. ಅಪ್ಪನಿಗೂ ಶುರುವಾದದ್ದು ಹಾಗೆಯೇ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ನಗುವವರು ನಗಲಿ.

ನಮ್ಮ ಹೊಳೆ ಈಗ ಹಾರಿ ದಾಟುವಷ್ಟಾಗಿದೆ. ನೀನು ನೋಡಿದರೆ ಗುರುತು ಹಿಡಿಯುವುದಿಲ್ಲ. ಕಲ್ಲುಗಳೆಲ್ಲ ಒಣಗಿ ಬೆಳ್ಳಗಾಗಿವೆ. ವಾರದ ಸಂತೆಯನ್ನು ಪೇಟೆಯಿಂದ ಹೊಳೆಯೊಳಗೆ ಇಳಿಸಿದ್ದಾರೆ, ಜಾಗ ವಿಶಾಲವಾಗಿದೆ ಎಂದು ಎಲ್ಲರಿಗೂ ಖುಷಿ. ಕೆಲಸ ಕಳೆದುಕೊಂಡ ಲಾರಿಯವರು ಅಲ್ಲೇ ಗುಡಿಸಲು ಹಾಕಿಕೊಂಡು ಮರಳು ಜರಡಿ ಹಿಡಿಯುತ್ತಾರೆ. ನಿನ್ನ ಭಾವನೂ ಸುಮ್ಮನಿರದೆ ಮನೆಯ ಹಿಂದೆ ನೀರು ಬಿಟ್ಟ ಜಾಗದಲ್ಲಿ ಸೊಪ್ಪಿನ ಮಡಿ ಮಾಡಿದ್ದಾರೆ. ಚಿಟ್ಟೆ ಅದಕ್ಕೆ ಲೋಟದಲ್ಲಿ ನೀರು ಹಾಕುತ್ತಾಳೆ, ಗಿಡಕ್ಕೆ ಅರ್ಧ, ತನ್ನ ಕಾಲಿಗೆ ಅರ್ಧ.

ಮಳೆಗಾಲದ ಹೊತ್ತಿಗೆ ರಸ್ತೆ ಆಗುತ್ತದೆಯೇ? ಅಷ್ಟಾದರೂ ಹೇಳು. ಅದರಲ್ಲಿ ಏನು ಗುಟ್ಟು?

ನಿನ್ನ ಅಕ್ಕ


2 ಮೇ 1968

ಅಕ್ಕನಿಗೆ,

ನಿನ್ನ ಪತ್ರ ಇವತ್ತು ಬಂತು. ಎರಡು ಸಲ ಓದಿದೆ.

ಒಂದು ಮಾತು ಕೇಳುತ್ತೇನೆ, ಇಲ್ಲ ಎನ್ನಬೇಡ. ಈ ತಿಂಗಳ ಕೊನೆಯ ವಾರ ನೀವೆಲ್ಲರೂ ಘಟ್ಟದ ಮೇಲಿನ ಗೇಟಿನ ಹತ್ತಿರ ಬನ್ನಿ. ನಿಮ್ಮ ಕಡೆ ಅಲ್ಲೊಂದು ತಂಗುಮನೆ ಇದೆಯಲ್ಲ, ಅಲ್ಲಿ ನಾಲ್ಕು ದಿನ ಇರಿ. ನಾನು ಈ ಕಡೆಯಿಂದ ಬರಲು ನೋಡುತ್ತೇನೆ. ಗೇಟಿನ ಸರಳಿನಾಚೆ ನಿಂತಾದರೂ ನೋಡಬಹುದು. ಭಾವ, ನಿನ್ನ ಮಗ, ಸೊಸೆ, ಚಿಟ್ಟೆ, ಎಲ್ಲರೂ ಬರಬೇಕು. ಒಬ್ಬರನ್ನೂ ಮನೆಯಲ್ಲಿ ಬಿಡಬೇಡ. ರಜೆ ಸಿಗದಿದ್ದರೆ ಸಂಬಳ ಹೋದರೂ ಹೋಗಲಿ.

ನನಗೆ ಬಹಳ ದಿನದಿಂದ ಮನಸ್ಸು ಸರಿಯಿಲ್ಲ. ನಿಮ್ಮನ್ನೆಲ್ಲ ಒಟ್ಟಿಗೆ ಮೇಲೆ ನೋಡಿದರೆ ಸಮಾಧಾನವಾಗುತ್ತದೆ. ಯಾಕೆ ಎಂದು ಕೇಳಬೇಡ. ನಾನು ಯಾವತ್ತೂ ಏನನ್ನೂ ಬೇಡಿದವನಲ್ಲ.

ಅಕ್ಕಪಕ್ಕದವರಿಗೂ ಆಸೆಯಿದ್ದರೆ ಕರೆದುಕೊಂಡು ಬಾ. ಗಾಳಿ ಚೆನ್ನಾಗಿರುತ್ತದೆ. ಹೊಳೆ ಹತ್ತಿರದ ಸೆಕೆ ಮಕ್ಕಳಿಗೆ ಒಳ್ಳೆಯದಲ್ಲ.

ನಿನ್ನ ತಮ್ಮ


20 ಮೇ 1968

ನನ್ನ ತಮ್ಮನಿಗೆ,

ನಿನ್ನ ಪತ್ರ ಬಂದು ಎರಡು ದಿನವಾಯಿತು. ನಾನು ಊಟ ಮಾಡುತ್ತಿಲ್ಲ ಎಂದು ನಿನ್ನ ಭಾವ ಗದರಿದ ಮೇಲೆ ಬರೆಯಲು ಕೂತಿದ್ದೇನೆ.

ನನ್ನ ಹತ್ತಿರ ಮುಚ್ಚಿಡಬೇಡ. ಅಪ್ಪ ಹೋಗುವ ಮುಂಚೆ ಹೀಗೆಯೇ ಎಲ್ಲರನ್ನೂ ಕರೆಸಿಕೊಂಡರು. ಕಾರಣ ಹೇಳಲಿಲ್ಲ. ಒಬ್ಬರೂ ತಪ್ಪಬಾರದು ಎಂದರು. ನೀನು ಆಗ ಚಿಕ್ಕವನು, ನಿನಗೆ ನೆನಪಿರಲಿಕ್ಕಿಲ್ಲ. ನನಗಿದೆ. ಕೆಮ್ಮುವಾಗ ರಕ್ತ ಬೀಳುತ್ತಿದೆಯೇ? ಡಾಕ್ಟರಿಗೆ ತೋರಿಸಿದೆಯಾ? ಸೊಸೆಯನ್ನು ಕೇಳಿದೆ. "ಈಗ ಅದಕ್ಕೆ ಔಷಧಿ ಇದೆ ಅತ್ತೆ, ಬೇಗ ತೋರಿಸಿದರೆ ಗುಣವಾಗುತ್ತೆ" ಎಂದಳು. ಅವಳ ಕೈಯಲ್ಲೇ ಮಾತ್ರೆಯ ಹೆಸರು ಬರೆಸಿಕೊಂಡಿದ್ದೇನೆ.

ನಾನು ಬರುತ್ತೇನೆ. ಎಲ್ಲರೂ ಬರುವುದು ಆಗುವುದಿಲ್ಲಪ್ಪ. ಮಗನಿಗೆ ಮಿಲ್ಲಿನಲ್ಲಿ ರಜೆ ಇಲ್ಲ. ಸೊಸೆ ಈಗ ತಾನೇ ಕಾಯಂ ಆದವಳು. ಚಿಟ್ಟೆಗೆ ಬಂದಿದ್ದ ಜ್ವರ ಈಗಷ್ಟೇ ಬಿಟ್ಟಿದೆ, ಘಟ್ಟದ ಗಾಳಿಗೆ ಒಡ್ಡಲು ಧೈರ್ಯವಿಲ್ಲ. "ನಾನು ನೋಡ್ಕೋತೀನಿ, ನೀನು ಹೋಗಿ ತಮ್ಮನ್ನ ನೋಡ್ಕೊಂಡು ಬಾ" ಎಂದು ನಿನ್ನ ಭಾವ ಹೇಳಿದ್ದಾರೆ. ಅವಳೂ ಅಜ್ಜನ ಜೊತೆ ಸೊಪ್ಪು ಕೀಳುತ್ತಾ ಆರಾಮಾಗಿರುತ್ತಾಳೆ.

ಗಡಿಯವರನ್ನು ಕಾಡಿ ಬೇಡಿಯಾದರೂ ಪರವಾನಗಿ ತೆಗೆದುಕೊಂಡು ನಿನ್ನ ಶೆಡ್ಡಿಗೇ ಬರುತ್ತೇನೆ. ಕಾಯಿಲೆಯ ಕಾರಣಕ್ಕೆ ರಕ್ತಸಂಬಂಧಿ ಒಬ್ಬರನ್ನು ಬಿಡುತ್ತಾರಂತೆ. ಗಟ್ಟಿಯಾಗಿರು.

ನಿನ್ನ ಅಕ್ಕ


23 ಮೇ 1968

ಅಕ್ಕ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಒಬ್ಬ ಉಣ್ಣೆ ವ್ಯಾಪಾರಿ ಹಳೆಯ ಕತ್ತೆದಾರಿಯಲ್ಲಿ ನಿಮ್ಮ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಸಿಕ್ಕಿದ ಕೂಡಲೇ ಎದ್ದು ಹೊರಡು. ಹಿಂದಿನ ಪತ್ರದಲ್ಲಿ ಬಿಡಿಸಿ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಕೆರೆ ತುಂಬುತ್ತಿದೆ. ಮೇಲೆ ಹಿಮ ಕರಗುತ್ತಿದೆ, ದಿನದಿನಕ್ಕೂ ನೀರು ಏರುತ್ತಿದೆ. ಬಿದ್ದ ಗುಡ್ಡ ಬರೀ ಮಣ್ಣು ಮತ್ತು ಜಲ್ಲಿ. ನೀರು ತಾನಾಗಿ ಮೇಲೆ ಹತ್ತಿ ಹರಿದರೆ ಇಡೀ ಗುಡ್ಡವನ್ನು ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಮುಂಚೆ ಒಂದು ಪಕ್ಕದಲ್ಲಿ ಕೋಡಿ ಕಡಿದು ಸ್ವಲ್ಪಸ್ವಲ್ಪವಾಗಿ ಬಿಡಬೇಕು ಎಂದು ಎಂಜಿನಿಯರು ಹೇಳುತ್ತಾರೆ. ಅದು ಸರಿಯೇ. ಬೇರೆ ದಾರಿಯಿಲ್ಲ. ಈ ತಿಂಗಳ ಕೊನೆಯ ವಾರ ಸಿಡಿಮದ್ದು ಇಡುತ್ತೇವೆ. ಕುಳಿಗಳನ್ನು ನಾನೇ ಕೊರೆಯುತ್ತಿದ್ದೇನೆ.

ಸ್ವಲ್ಪಸ್ವಲ್ಪವಾಗಿ ಹೋಗುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಎಂಜಿನಿಯರನ್ನು ಕೇಳಿದೆ.

"ಕೆಳಗಿನ ಊರಿನವರಿಗೆ ಹೇಳಿದೀರಾ ಸಾರ್?"

"ರಾಜಧಾನಿಯಿಂದ ಕಾಗದ ಹೋಗಿದೆಯಪ್ಪ."

"ಕಾಗದ ಹೋಗಿದೆ. ಜನಕ್ಕೆ ಗೊತ್ತಾ?"

ಅವರು ಎದ್ದು ಶೆಡ್ಡಿನ ಬಾಗಿಲು ಮುಚ್ಚಿದರು. ಒಳ್ಳೆಯ ಮನುಷ್ಯ. "ಅವರು ನಂಬಲ್ಲ ಅಂತಿದ್ದಾರೆ. ಗಡಿ ಊರು ಖಾಲಿ ಮಾಡಿಸೋಕೆ ನಾವು ಹೂಡಿದ ಆಟ ಅಂತ ಉತ್ತರ ಬಂದಿದೆಯಂತೆ. ನೀನು ಇದನ್ನ ಎಲ್ಲೂ ಆಡಬೇಡ" ಎಂದರು.

ಹಾಗಾಗಿ ನಿನಗೆ ಆಡುತ್ತಿದ್ದೇನೆ. ಹೊಳೆಯಲ್ಲಿ ಗುಡಿಸಲು ಹಾಕಿದವರಿಗೆ, ಸಂತೆಯವರಿಗೆ, ಡಿಪೋದವರಿಗೆ, ಎಲ್ಲರಿಗೂ ಹೇಳು. ಯಾರು ಹೇಳಿದರು ಎಂದು ಕೇಳಿದರೆ ನನ್ನ ಹೆಸರನ್ನೇ ಹೇಳು. ನನಗೆ ಏನಾದರೂ ಆಗಲಿ. ಪಾತ್ರೆಪಡಗ ತೆಗೆದುಕೊಳ್ಳಲು ನಿಲ್ಲಬೇಡ. ಚಿಟ್ಟೆಯನ್ನು ಎತ್ತಿಕೊಂಡು ಗುಡ್ಡ ಹತ್ತು.

ತಮ್ಮ


29 ಮೇ 1968
ಘಟ್ಟದ ಮೇಲಿನ ಗೇಟು

ತಮ್ಮನಿಗೆ,

ಎಲ್ಲಿದ್ದೀಯ? ನಾನು ಬಂದು ಎರಡು ದಿನವಾಯಿತು. ತಂಗುಮನೆಯಲ್ಲಿ ನಾನೊಬ್ಬಳೇ. ನಿಮ್ಮ ಕಡೆಯ ರಸ್ತೆ ಖಾಲಿ. ಯಾರೋ ಬಂದ ಹಾಗೆ ಕಂಡಾಗಲೆಲ್ಲ ಎದ್ದು ಸರಳು ಹಿಡಿದು ನಿಲ್ಲುತ್ತೇನೆ, ನೋಡಿದರೆ ಮೇಕೆ.

ಪರವಾನಗಿ ಕೊಡುವ ಸಾಹೇಬರು ಇವತ್ತು ಬರುತ್ತಾರಂತೆ. ಕಾವಲಿನವನು ನನ್ನ ಮಗನ ವಯಸ್ಸಿನವನು, ಬೆಂಚು ಒರೆಸಿ ಕೂರಿಸಿದ. "ಯಾರಿಗಮ್ಮ ಹುಷಾರಿಲ್ಲ?" ಎಂದ. ನನ್ನ ತಮ್ಮನಿಗೆ, ಎದೆ ಕಾಯಿಲೆ ಎಂದೆ. "ಆ ಕಡೆ ಧೂಳು ಜಾಸ್ತಿ. ಏನೋ ಸಿಡಿಸ್ತಾನೆ ಇರ್ತಾರೆ, ನಮಗಿಲ್ಲಿಗೆ ಕೇಳುತ್ತೆ" ಎಂದ. ನೀನು ಆ ಧೂಳಿನಲ್ಲೇ ನಿಂತಿರುತ್ತೀಯ ಎಂದುಕೊಂಡು, ಚೀಲದಲ್ಲಿ ಮಾತ್ರೆಯ ಚೀಟಿ ಇದೆಯೇ ಎಂದು ಮತ್ತೆ ನೋಡಿಕೊಂಡೆ.

ಇಲ್ಲಿಂದ ನಮ್ಮ ಊರು ಪೂರ್ತಿ ಕಾಣುತ್ತದೆ. ಡಿಪೋದ ತಗಡು ಹೊಳೆಯುತ್ತಿದೆ. ಅದರ ಎಡಕ್ಕೆ ನಮ್ಮ ಮನೆ. ಇವತ್ತು ಸಂತೆ, ಹೊಳೆಯೊಳಗೆ ಬಣ್ಣಬಣ್ಣದ ಚುಕ್ಕೆಗಳು ಓಡಾಡುತ್ತಿವೆ.

ಸಾಹೇಬರ ಜೀಪು ಬರುತ್ತಿದೆ. ಈ ಚೀಟಿಯನ್ನು ಗೇಟಿನಾಚೆ ಕೊಡುತ್ತೇನೆ ಎಂದು ಕಾವಲಿನವನು ಒಪ್ಪಿದ್ದಾನೆ. ನಾನು ಇಲ್ಲೇ ಇದ್ದೇನೆ.

ಅಕ್ಕ


12 ಜೂನ್ 1968

ಅಕ್ಕ,

ಘಟ್ಟದಿಂದ ನೀನು ಬರೆದ ಚೀಟಿ ಇವತ್ತು ಬಂತು, ಇಪ್ಪತ್ತನೆಯ ತಾರೀಖಿನ ಪತ್ರವೂ ಇವತ್ತೇ ಬಂತು. ಮೊದಲು ಚೀಟಿ ಓದಿದೆ. ನೀನು ಮೇಲಿದ್ದೆ ಎಂದು ತಿಳಿದು ಕೂತುಬಿಟ್ಟೆ. ಆಮೇಲೆ ಪತ್ರ ಓದಿದೆ.

ಭಾವ ಹೇಗಿದ್ದಾರೆ? ಚಿಟ್ಟೆ? ಒಂದು ಸಾಲು ಬರೆ.

ತಮ್ಮ


9 ಜುಲೈ 1968

ಅಕ್ಕ,

ನೀನು ಬರೆಯಲಿಲ್ಲ. ಬರೆಯಲೇಬೇಕೆಂದಿಲ್ಲ. ಸೊಸೆಯ ಕೈಯಲ್ಲಾದರೂ, ಮಗನ ಕೈಯಲ್ಲಾದರೂ ಬರೆಸು.

ತಮ್ಮ


25 ಆಗಸ್ಟ್ 1968

ತಮ್ಮನಿಗೆ,

ಸೊಸೆಯ ಕೈಯಲ್ಲಿ ಬರೆಸು ಎಂದಿದ್ದೀಯ. ಅವಳು ನನ್ನ ಜೊತೆ ಮಾತಾಡುವುದಿಲ್ಲ. ನಾನೇ ಬರೆಯುತ್ತೇನೆ.

ಅಂದು ಸಾಹೇಬರು ಜೀಪಿನಿಂದ ಇಳಿದು ನನ್ನ ಅರ್ಜಿ ಕೈಗೆ ತೆಗೆದುಕೊಂಡರು. ಆಗ ಸಂದಿಯೊಳಗಿಂದ ಸದ್ದು ಬಂತು. ಬಂಡೆ ಉರುಳುತ್ತಿದೆ ಎಂದುಕೊಂಡೆವು. ನಿಲ್ಲಲಿಲ್ಲ. ಎಲ್ಲರೂ ಅಂಚಿಗೆ ಹೋಗಿ ನೋಡಿದೆವು. ಸಂದಿಯ ಬಾಯಿಂದ ಹೊರಬಂದದ್ದು ನೀರಿನ ಹಾಗಿರಲಿಲ್ಲ. ಕಂದು ಬಣ್ಣದ ಗೋಡೆ, ಅದರ ಮೇಲೆ ಮರಗಳು ನಿಂತೇ ಬರುತ್ತಿದ್ದವು. ಸಂತೆಯ ಚುಕ್ಕೆಗಳು ದಡದ ಕಡೆ ಓಡುವುದು ಕಂಡಿತು. ನಾನು ಕೂಗಿದೆ. ಅಷ್ಟು ಎತ್ತರದಿಂದ ಯಾರಿಗೆ ಕೇಳುತ್ತದೆ. ಕಾವಲಿನವನು ನನ್ನ ಸೊಂಟ ಹಿಡಿದುಕೊಂಡ. ಡಿಪೋದ ತಗಡು ಒಮ್ಮೆ ಮೇಲೆದ್ದು ಮಗುಚಿತು. ಅದರ ಎಡಕ್ಕೆ ನೋಡಲಿಲ್ಲ. ಆಮೇಲೆ ನೋಡಿದಾಗ ಏನೂ ಇರಲಿಲ್ಲ.

ಮಗ ಮಿಲ್ಲಿನಲ್ಲಿದ್ದ. ಸೊಸೆ ಆಸ್ಪತ್ರೆಯಲ್ಲಿದ್ದಳು. ನಿನ್ನ ಭಾವ ಕೆಳಗೆ ಎರಡನೆಯ ಸೇತುವೆಯ ಹತ್ತಿರ ಸಿಕ್ಕರು. ಚಿಟ್ಟೆ ಸಿಗಲಿಲ್ಲ. ಮಗ ಇನ್ನೂ ಭಾನುವಾರಗಳಲ್ಲಿ ದಡದಗುಂಟ ಹುಡುಕಿಕೊಂಡು ಹೋಗುತ್ತಾನೆ. ನಾನು ಬೇಡ ಎನ್ನುವುದಿಲ್ಲ.

ಮೊದಲ ವಾರ ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡು ಅತ್ತರು. ಆಮೇಲೆ ಲೆಕ್ಕ ಹಾಕಲು ಶುರುಮಾಡಿದರು. ಹೊಳೆಬದಿಯ ಸಾಲಿನಲ್ಲಿ ಆ ದಿನ ಊರಲ್ಲಿರದವಳು ನಾನೊಬ್ಬಳೇ. ನನ್ನ ತಮ್ಮ ಆ ಕಡೆಯ ರಸ್ತೆ ಇಲಾಖೆಯಲ್ಲಿರುವುದು ಎಲ್ಲರಿಗೂ ಗೊತ್ತು. ದಿನಸಿ ಅಂಗಡಿಯಾತ ನಾನು ಹೋದರೆ ಬೇರೆಯವರಿಗೆಲ್ಲ ಕಟ್ಟಿಕೊಟ್ಟು ಕೊನೆಗೆ ನನಗೆ ಕೊಡುತ್ತಾನೆ. ಅವನ ಇಬ್ಬರು ಮಕ್ಕಳು ಹೋದರು, ಅವನಿಗೆ ಏನೆನ್ನಲಿ.

ಒಂದು ದಿನ ಸೊಸೆ ಕೇಳಿದಳು. ನಾವಿರುವುದು ಆಸ್ಪತ್ರೆಯ ಹಿಂದೆ ಒಂದೇ ಕೋಣೆ. ಅವಳು ಬಟ್ಟೆ ಮಡಚುತ್ತಾ ತಲೆ ಎತ್ತದೆ ಕೇಳಿದಳು. "ನಿಮಗೆ ಗೊತ್ತಿತ್ತಾ ಅತ್ತೆ?"

"ಇಲ್ಲಮ್ಮ."

"ಮತ್ಯಾಕೆ ಆ ವಾರವೇ ಹೋದಿರಿ?"

"ಅವನು ಕರೆದ."

ಅಷ್ಟಕ್ಕೇ ಅವಳು ಮಾತು ನಿಲ್ಲಿಸಿದಳು. ನಾನು ಮೇ ಎರಡರ ನಿನ್ನ ಪತ್ರ ತೆಗೆದು ಓದಿದೆ. ನನ್ನ ಚೀಲದಲ್ಲಿತ್ತು, ಅದಕ್ಕೇ ಉಳಿದಿದೆ. ಒಬ್ಬರನ್ನೂ ಮನೆಯಲ್ಲಿ ಬಿಡಬೇಡ. ಅಕ್ಕಪಕ್ಕದವರನ್ನೂ ಕರೆದುಕೊಂಡು ಬಾ. ಹೊಳೆ ಹತ್ತಿರ ಮಕ್ಕಳಿಗೆ ಒಳ್ಳೆಯದಲ್ಲ. ಎಲ್ಲವೂ ಅದರಲ್ಲೇ ಇದೆ. ನನ್ನ ಕಣ್ಣಿಗೆ ಕಂಡದ್ದು ನಿನ್ನ ಕೆಮ್ಮು.

ವಿಚಾರಣೆಗೆ ಬಂದ ಅಧಿಕಾರಿಗೂ ಅದೇ ಪತ್ರ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಏನೂ ಇಲ್ಲವಲ್ಲಮ್ಮ" ಎಂದು ವಾಪಸ್ ಕೊಟ್ಟರು.

ನೀನು ಬುದ್ಧಿವಂತನ ಹಾಗೆ ಬರೆದೆ. ಗಡಿಯವರಿಗೆ ಗೊತ್ತಾಗದ ಹಾಗೆ ಬರೆದೆ. ನನಗೂ ಗೊತ್ತಾಗಲಿಲ್ಲ. ನೀರು ಎಂದು ಒಂದು ಶಬ್ದ ಬರೆಯಬಾರದಾಗಿತ್ತೇ? ಅದನ್ನು ಮಸಿ ಬಳಿದು ಕಳಿಸಿದ್ದರೂ ನಾನು ಮಸಿಯನ್ನು ನೋಡಿ ಹೆದರುತ್ತಿದ್ದೆ.

ಏನು ಮಾಡಿದಿರಿ ಅಲ್ಲಿ? ನನಗೆ ಹೇಳು.

ಅಕ್ಕ


30 ಸೆಪ್ಟೆಂಬರ್ 1968

ಅಕ್ಕ,

ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಈಗ ನಾನು ಇಲಾಖೆಯಲ್ಲಿಲ್ಲ, ಏನು ಬರೆದರೂ ತೆಗೆದುಕೊಳ್ಳಲು ಅವರ ಹತ್ತಿರ ಏನೂ ಉಳಿದಿಲ್ಲ.

ಮದ್ದು ಸಿಡಿಸಿದ್ದು ಬೆಳಿಗ್ಗೆ. ಕೋಡಿ ಅಂದುಕೊಂಡ ಹಾಗೆಯೇ ಬಾಯಿ ಬಿಟ್ಟಿತು. ನೀರು ಒಂದು ಆಳುದ್ದದ ಕಾಲುವೆಯಲ್ಲಿ ಚೆನ್ನಾಗಿ ಹರಿಯಿತು. ಎಂಜಿನಿಯರು ಎಲ್ಲರಿಗೂ ಚಹಾ ತರಿಸಿದರು. ನಾವು ಕುಡಿಯುತ್ತಾ ನಿಂತಿದ್ದಾಗಲೇ ಕಾಲುವೆಯ ಬದಿ ಕಳಚಿ ಬೀಳತೊಡಗಿತು. ಮೊದಲು ಬುಟ್ಟಿಯಷ್ಟು, ಆಮೇಲೆ ಮನೆಯಷ್ಟು. ಕಲ್ಲು ತುಂಬಿದ ಚೀಲ ಎಸೆದೆವು. ಬುಲ್ಡೋಜರು ಇಳಿಸಿದೆವು, ಅದು ಚಾಲಕನ ಸಮೇತ ಹೋಯಿತು. ಇಡೀ ಗುಡ್ಡ ಬಾಗಿಲು ತೆರೆದ ಹಾಗೆ ಸರಿಯಿತು. ಎಂಜಿನಿಯರು ಸತ್ತುಹೋದ ಟೆಲಿಫೋನು ಎತ್ತಿಕೊಂಡು ತಿರುಗಿಸುತ್ತಲೇ ಇದ್ದರು. ತಂತಿ ಎಲ್ಲೂ ಹೋಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ನಾನು ಇನ್ನೊಂದು ಪತ್ರ ಬರೆದಿದ್ದೆ. ಅದರಲ್ಲಿ ನೀರು ಎಂಬ ಶಬ್ದ ಇತ್ತು. ಎಲ್ಲವೂ ಇತ್ತು. ಉಣ್ಣೆ ವ್ಯಾಪಾರಿಯ ಕೈಯಲ್ಲಿ ಕತ್ತೆದಾರಿಯಲ್ಲಿ ಕಳಿಸಿದೆ. ನೆತ್ತಿಯ ಮೇಲೆ ಹಿಮ ಇನ್ನೂ ಕರಗಿರಲಿಲ್ಲ, ಅವನ ಕತ್ತೆ ಜಾರಿ ಕಾಲು ಮುರಿದುಕೊಂಡಿತು, ಅವನು ತಿರುಗಿ ಬಂದ. ಜೂನ್ ಮೊದಲಿಗೆ ಪತ್ರ ನನ್ನ ಕೈಗೇ ಕೊಟ್ಟ. "ದಾರಿ ಇಲ್ಲ ಮೇಸ್ತ್ರಿ, ಏನ್ಮಾಡ್ಲಿ" ಎಂದ. ಅವನ ಬೆರಳುಗಳು ಚಳಿಗೆ ಕಪ್ಪಾಗಿದ್ದವು. ಹೀಗೊಂದು ಪತ್ರ ಬರೆದಿದ್ದೆ ಎಂದು ನಾನೇ ಹೋಗಿ ಇಲಾಖೆಯಲ್ಲಿ ಹೇಳಿದೆ. ತೆಗೆದುಹಾಕಿದರು. ಕೆಲವು ವಾರ ಕೂಡಿಹಾಕಿ ಆಮೇಲೆ ಬಿಟ್ಟರು.

ಆ ಪತ್ರ ನಿನಗೆ ಕಳಿಸುವುದಿಲ್ಲ. ನಾನು ಬರೆದಿದ್ದೆ ಎಂದು ತೋರಿಸಿಕೊಂಡರೆ ಯಾರಿಗೆ ಏನು ಸಿಗುತ್ತದೆ.

ಒಂದು ಮಾತು ನೀನು ಸರಿಯಾಗಿ ಹೇಳಿದ್ದೀಯ. ಮೇ ಎರಡರಂದು ನಾನು ಬರೆದದ್ದು ನಿನಗಲ್ಲ, ಓದುವವರಿಗೆ. ಅವರು ಮೆಚ್ಚಿಕೊಳ್ಳುವ ಹಾಗೆ ಬರೆದೆ.

ಬಂಡೆ ಒಡೆಯುವ ಕಡೆ ಕೂಲಿಗೆ ಹೋಗುತ್ತಿದ್ದೇನೆ. ಕೆಮ್ಮು ಇದೆ. ಜಾಸ್ತಿ ಇಲ್ಲ.

ತಮ್ಮ


6 ಮೇ 1969

ತಮ್ಮನಿಗೆ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕೈ ಬರುತ್ತಿರಲಿಲ್ಲ. ಒಂದೆರಡು ಸಲ ಬರೆದೆ, ಅದನ್ನು ಕಳಿಸದಿದ್ದದ್ದೇ ಒಳ್ಳೆಯದಾಯಿತು.

ರಸ್ತೆ ತೆರೆದಿದ್ದಾರೆ. ನಿನಗೆ ಗೊತ್ತಿರುತ್ತದೆ. ಎರಡು ಸರ್ಕಾರದವರೂ ಘಟ್ಟದ ಮೇಲೆ ನಿಂತು ಕೈ ಕುಲುಕಿದ ಚಿತ್ರ ಪತ್ರಿಕೆಯಲ್ಲಿ ಬಂದಿದೆ. ಪಕ್ಕದಲ್ಲಿ ಹಳೆಯ ರಸ್ತೆಯ ಇತಿಹಾಸ ಅಂತ ಅರ್ಧ ಪುಟ. ಯಾವ ವರ್ಷ ಕೊರೆದರು, ಯಾವ ಮಂತ್ರಿ ಬಂದ, ಎಷ್ಟು ಸೇತುವೆ, ಎಲ್ಲ ಇದೆ. ಹೊಳೆಯ ವಿಷಯಕ್ಕೆ "ಕಳೆದ ವರ್ಷದ ಪ್ರಕೃತಿ ವಿಕೋಪ" ಎಂದು ಒಂದು ಸಾಲು. ಮಗ ಓದಿ ಮಡಚಿಟ್ಟ. ಅವನು ಭಾನುವಾರ ಹೋಗುವುದನ್ನು ಚಳಿಗಾಲದಲ್ಲಿ ಬಿಟ್ಟ.

ಸೊಸೆಗೆ ಮೇ ಎರಡರದ್ದು, ಸೆಪ್ಟೆಂಬರಿನದ್ದು, ನಿನ್ನ ಎರಡೂ ಪತ್ರ ಕೊಟ್ಟಿದ್ದೆ. ಬಹಳ ದಿನ ಮುಟ್ಟಲಿಲ್ಲ. ಮೊನ್ನೆ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ನನ್ನ ಎದುರು ಕೂತು ಮೇ ಎರಡರದ್ದನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ, "ನಾನಾಗಿದ್ದರೂ ಅವರಿಗೆ ಹುಷಾರಿಲ್ಲ ಅಂತಲೇ ತಿಳ್ಕೋತಿದ್ದೆ ಅತ್ತೆ. ನಾನೇ ತಾನೇ ಮಾತ್ರೆ ಬರ್ಕೊಟ್ಟಿದ್ದು" ಎಂದಳು. ಒಂದು ವರ್ಷದಿಂದ ಕಾಯುತ್ತಿದ್ದ ಮಾತು. ಬಂದಾಗ ನನಗೆ ಅಳು ಬರಲಿಲ್ಲ. ಅನ್ನಕ್ಕಿಡಲು ಎದ್ದೆ.

ಆಮೇಲೆ ಅವಳೇ ಹೇಳಿದಳು. "ಅವರನ್ನ ಬರೋಕೆ ಹೇಳಿ. ಕಾಗದದಲ್ಲಿ ಬೇಡ. ಆ ಬೆಳಿಗ್ಗೆ ಏನಾಯ್ತು ಅಂತ ಅವರ ಬಾಯಿಂದ ಕೇಳಬೇಕು. ಎಷ್ಟು ಹೊತ್ತಿಗೆ ಬಿಟ್ಟರು, ನಮ್ಮಲ್ಲಿಗೆ ಬರೋಕೆ ಎಷ್ಟು ಹೊತ್ತು ಹಿಡೀತು, ಎಲ್ಲ." ಯಾಕಮ್ಮ ಎಂದೆ. "ಆಗ ನಾನು ಏನು ಮಾಡ್ತಿದ್ದೆ ಅಂತ ನನಗೆ ಗೊತ್ತಾಗಬೇಕು" ಎಂದಳು.

ಅವಳಿಗೆ ಹೇಳಬೇಕು. ಅವಳ ಹಕ್ಕು. ನಾನು ಏನೂ ಕೇಳುವುದಿಲ್ಲ.

ವಾರಕ್ಕೆ ಎರಡು ಬಸ್ಸು. ಸಂಜೆ ಬಂದು ಸೇರುವ ಬಸ್ಸು ಬೇಡ, ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನಕ್ಕೆ ಬರುವುದನ್ನು ಹಿಡಿ. ಹೊಸ ನಿಲ್ದಾಣ ಪೇಟೆಯ ಆ ತುದಿಯಲ್ಲಿದೆ, ನಮ್ಮ ಕೋಣೆ ಈ ತುದಿಯಲ್ಲಿ. ಹಿಂದಿನ ಓಣಿಯಲ್ಲಿ ಬಂದರೆ ಯಾರಿಗೂ ಕಾಣುವುದಿಲ್ಲ. ಅದು ಬೇಡ. ಪೇಟೆಯ ನಡುವೆಯೇ ಹೋಗೋಣ. ಜನ ಬಾಗಿಲಿಗೆ ಬಂದು ನೋಡುತ್ತಾರೆ, ಅಂಗಡಿಯಾತನೂ ನೋಡುತ್ತಾನೆ, ಯಾರಾದರೂ ಏನಾದರೂ ಅಂದರೂ ಅಂದಾರು. ತಲೆ ತಗ್ಗಿಸಬೇಡ, ಉತ್ತರವನ್ನೂ ಕೊಡಬೇಡ.

ನಾನು ನಿಲ್ದಾಣಕ್ಕೆ ಬಂದಿರುತ್ತೇನೆ. ನಿನ್ನ ಜೊತೆ ಮಾತಾಡುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಪಕ್ಕದಲ್ಲಂತೂ ನಡೆಯುತ್ತೇನೆ.

ಅಕ್ಕ